ಎರಡರ ಮೇಲಿನ ತುಸು

ನಾನು ಪಾಠ ಮಾಡುವ ಅರಸೀಕೆರೆಯ ಕಾಲೇಜಿಗೆ ಹೋದ ತಿಂಗಳು ಆರೋಗ್ಯ ಇಲಾಖೆಯವರು ಹುಡುಗಿಯರ ರಕ್ತ ಪರೀಕ್ಷೆಗೆ ಬಂದಿದ್ದರು. ಸ್ಟಾಫ್ ರೂಮಿನ ಪಕ್ಕದ ಕೋಣೆಯಿಂದ ಸ್ಪಿರಿಟ್ಟಿನ ವಾಸನೆ ಬಂತು. ಹತ್ತಿಯಲ್ಲಿ ಅದ್ದಿದ ಸ್ಪಿರಿಟ್ಟು, ಅದರ ಜೊತೆಗೆ ಯಾರೋ ಮುಡಿದಿದ್ದ ಮಲ್ಲಿಗೆ... ಉತ್ತರ ಪತ್ರಿಕೆ ತಿದ್ದುತ್ತಿದ್ದ ನನ್ನ ಕೈ ನಿಂತಿತು. ನಮ್ಮೂರು ಹಗರೆಯ ನರ್ಸಮ್ಮ ಬಾಗಿಲಿಗೆ ಬಂದು ನಿಂತ ಹಾಗಾಯಿತು.

ಆಕೆ ಇದ್ದದ್ದು ನಮ್ಮ ಮನೆಯ ಪಕ್ಕದ ಬಾಡಿಗೆ ಮನೆಯಲ್ಲಿ. ಗಂಡ ಎಲ್ಲೋ ದೂರದಲ್ಲಿ ಕೆಲಸದಲ್ಲಿದ್ದರಂತೆ, ಹಬ್ಬಕ್ಕೆ ಬಂದು ಹೋಗುತ್ತಿದ್ದರು. ಮಕ್ಕಳಿರಲಿಲ್ಲ. ಊರಿನ ಬಾಣಂತಿಯರು, ಎಳೆಗೂಸುಗಳೆಲ್ಲ ಆಕೆಯ ಪಾಲಿಗೆ ಬಂದಿದ್ದವು. ತಿಂಗಳಿಗೊಮ್ಮೆ ಮನೆ ಮನೆಗೆ ಬಂದು ಜಗಲಿಯ ಮೇಲೆ ಕೂತು ಕೇಳುತ್ತಿದ್ದರು.

"ಮನೇಲಿ ಯಾರಾದ್ರೂ ಹುಟ್ಟಿದ್ರಾ? ತೀರ್ಕೊಂಡ್ರಾ? ಯಾರಾದ್ರೂ ಹೊಸಬ್ರು ಬಂದ್ರಾ, ಊರು ಬಿಟ್ಟು ಹೋದ್ರಾ?"

ಅಜ್ಜಿ ಗೊಣಗುತ್ತಿದ್ದಳು. "ಬೆಳಗಾದ್ರೆ ಸತ್ತೋರ ಲೆಕ್ಕ ಕೇಳ್ಕೊಂಡು ಬತ್ತಾಳೆ."

ನನಗೆ ಆರು ವರ್ಷವಾದಾಗ ತಮ್ಮ ಹುಟ್ಟಿದ. ಅಮ್ಮ ಬಹಳ ಸೊರಗಿದ್ದಳು. ನರ್ಸಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತನೇ ಇಲ್ವಲ್ಲಮ್ಮ. ಒಂದು ಹೆಣ್ಣು, ಒಂದು ಗಂಡು, ಸಾಕು ಮಾಡು. ನೀನು ಉಳ್ಕೊಂಡ್ರೆ ತಾನೆ ಇವು ಉಳ್ಕೊಳೋದು" ಅಂದರು. ಅಜ್ಜಿಗೆ ಇಷ್ಟವಿರಲಿಲ್ಲ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಮ್ಮನೇ ಹೊರಟಳು. ಬೇಲೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನರ್ಸಮ್ಮ ಜೊತೆಗಿದ್ದು ಅವಳಿಗೆ ತಲೆ ಬಾಚಿ, ಗಂಜಿ ಕುಡಿಸಿ ಕರೆದುಕೊಂಡು ಬಂದರು.

ತಮ್ಮನಿಗೆ ನಾಲ್ಕು ವರ್ಷವಾದಾಗ ಜ್ವರ ಬಂತು. ಮೊದಲು ಸಾಮಾನ್ಯ ಜ್ವರ ಅಂದುಕೊಂಡರು. ಆಮೇಲೆ ಮಿದುಳಿಗೆ ಏರಿದೆ ಅಂದರು. ಹಾಸನಕ್ಕೆ ಕರೆದುಕೊಂಡು ಹೋದವರು ಅವನನ್ನು ಬಟ್ಟೆಯಲ್ಲಿ ಸುತ್ತಿ ತಂದರು... ನನಗೆ ನೆನಪಿರುವುದು ಅವನ ಒಂದು ಕಾಲು ಹೊರಗೆ ಕಾಣುತ್ತಿದ್ದದ್ದು, ಯಾರೋ ಅದನ್ನು ಮುಚ್ಚಿದ್ದು. ಅಷ್ಟೆ.

ಆ ತಿಂಗಳು ನರ್ಸಮ್ಮ ಎಲ್ಲರ ಮನೆಗೂ ಹೋಗಿ ಕೊನೆಗೆ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂರಲಿಲ್ಲ. ಬಾಯಿ ತೆರೆದರು, ಏನೂ ಕೇಳಲಾಗಲಿಲ್ಲ. ಒಳಗಿನಿಂದ ಅಮ್ಮನೇ ಹೇಳಿದಳು. "ಒಬ್ಬ ಹೋದ. ಬರ್ಕಳಿ."

ಅಜ್ಜಿ ಅಲ್ಲೇ ಕೂತಿದ್ದಳು. "ನಮ್ಮನೆ ದೀಪ ಆರ್ಸಿದ್ಯಲ್ಲೇ ತಾಯಿ. ಬ್ಯಾಡ ಬ್ಯಾಡ ಅಂದ್ರೂ ನನ್ನ ಸೊಸೇನ ಕರ್ಕೊಂಡೋಗಿ ಕೊಯ್ಸ್ಕೊಂಡು ಬಂದೆ. ಈಗ ಕೊಡು, ಇನ್ನೊಂದು ಗಂಡ್ಕೂಸು ಎಲ್ಲಿಂದ ಕೊಡ್ತೀಯ ಕೊಡು" ಅಂದಳು.

ನರ್ಸಮ್ಮ ತಲೆ ತಗ್ಗಿಸಿ ಹೋದರು. ಆದರೆ ಕೆಲವು ವಾರಗಳ ನಂತರ ಮತ್ತೆ ಬಂದರು. ಹಾಸನದ ದೊಡ್ಡ ಆಸ್ಪತ್ರೆಯಲ್ಲಿ ಕತ್ತರಿಸಿದ ನಾಳ ಮತ್ತೆ ಜೋಡಿಸುತ್ತಾರೆ, ಮಗು ಕಳೆದುಕೊಂಡವರಿಗೆ ದುಡ್ಡು ತಗೊಳ್ಳುವುದಿಲ್ಲ, ಡಾಕ್ಟರ ಹತ್ತಿರ ಮಾತಾಡಿದ್ದೇನೆ ಅಂದರು. ಅಜ್ಜಿಯ ಮುಖ ಆವತ್ತು ಮೊದಲ ಸಲ ಸಡಿಲವಾಯಿತು. ಅಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಹೊರಟ ದಿನ ಅಮ್ಮ ನನ್ನನ್ನೂ ಕರೆದುಕೊಂಡಳು. ಮೇನ್ ರೋಡಿಗೆ ಹಾಸನದ ಬಸ್ಸು ಬಂತು. ನರ್ಸಮ್ಮ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದರೆ ಅಮ್ಮ ನಿಂತಲ್ಲೇ ನಿಂತಿದ್ದಳು.

"ನಂಗೆ ಬ್ಯಾಡ ನರ್ಸಮ್ಮ."

"ಯಾಕಮ್ಮ, ಹೆದ್ರಿಕೆನಾ?"

"ಹೆದ್ರಿಕೆ ಅಲ್ಲ. ಇನ್ನೊಬ್ಬ ಹುಟ್ಟಿದ್ರೆ ಹೋದೋನ್ನ ಎಲ್ರೂ ಮರ್ತುಬಿಡ್ತಾರೆ."

"ಹತ್ತೋದಾದ್ರೆ ಹತ್ರೀ!" ಕಂಡಕ್ಟರ್ ಕೂಗಿದ. ನರ್ಸಮ್ಮ ಕೆಳಗಿಳಿದರು. ಬಸ್ಸು ಹೋಯಿತು. ಮನೆಗೆ ಅಷ್ಟು ಬೇಗ ವಾಪಸು ಹೋಗುವಂತಿರಲಿಲ್ಲ. ಎದುರಿನಿಂದ ಬಂದ ಹಳೇಬೀಡಿನ ಬಸ್ಸು ಹತ್ತಿದೆವು. ಅಲ್ಲಿನ ಕೆರೆಯ ಏರಿಯ ಮೇಲೆ ಕೂತೆವು. ನರ್ಸಮ್ಮ ಬಾಳೆಹಣ್ಣು ತಂದು ನನಗೆ ಕೊಟ್ಟರು. ತಮ್ಮ ಹೋದಮೇಲೆ ಅಮ್ಮ ಸರಿಯಾಗಿ ಮಲಗಿರಲಿಲ್ಲ. ಅಲ್ಲಿ ಹುಲ್ಲಿನ ಮೇಲೆ, ನರ್ಸಮ್ಮನ ಬ್ಯಾಗಿಗೆ ತಲೆ ಕೊಟ್ಟು, ಬಿಸಿಲು ಇಳಿಯುವವರೆಗೂ ನಿದ್ದೆ ಮಾಡಿದಳು. ನರ್ಸಮ್ಮ ಸೆರಗಿನಿಂದ ಅವಳ ಮುಖಕ್ಕೆ ನೆರಳು ಹಿಡಿದುಕೊಂಡು ಕೂತಿದ್ದರು.

ಸಂಜೆ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕಾದಿದ್ದಳು. ಅಮ್ಮ ನೇರ ಒಳಗೆ ಹೋದಳು. ಅಂಗಳದಲ್ಲಿ ನಿಂತು ನರ್ಸಮ್ಮನೇ ಹೇಳಿದರು.

"ಡಾಕ್ಟ್ರು ನೋಡಿದ್ರು ಅಜ್ಜಿ. ಇನ್ನು ಜೋಡ್ಸಕ್ಕೆ ಆಗಲ್ವಂತೆ. ನನ್ನಿಂದ ಆಗಿದ್ದು. ಬೈಯೋದಿದ್ರೆ ನನ್ನ ಬೈರಿ, ಅವಳನ್ನ ಏನೂ ಅನ್ಬೇಡಿ."

ಅಜ್ಜಿ ಬೈದಳು. ಊರಿಗೆಲ್ಲ ಕೇಳುವ ಹಾಗೆ ಬೈದಳು, ಮಣ್ಣು ತೂರಿದಳು. ನರ್ಸಮ್ಮ ಕದಲದೆ ನಿಂತು ಎಲ್ಲ ಕೇಳಿಸಿಕೊಂಡು ಹೋದರು. ಒಳಗೆ ಅಮ್ಮ ಒಲೆಯ ಮುಂದೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ.

ಆಮೇಲೆ ಊರಿನ ಹೆಂಗಸರು ಆಕೆಗೆ ಬಾಗಿಲು ತೆಗೆಯುವುದು ಕಡಿಮೆಯಾಯಿತು. ಆಕೆ ಬರುತ್ತಿರುವುದು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಆಕೆಗೆ ಗಂಡಸಿ ಅನ್ನುವ ಊರಿಗೆ ವರ್ಗವಾಯಿತು. ಟೆಂಪೋಗೆ ಸಾಮಾನು ಹಾಕುವಾಗ ನಮ್ಮ ಮನೆಯ ಕಡೆ ಒಂದು ಸಲ ನೋಡಿದರು. ಅಜ್ಜಿ ಜಗಲಿಯ ಮೇಲಿದ್ದಳು. ಅಮ್ಮ ಬಾಗಿಲ ಹಿಂದೆ ನಿಂತಿದ್ದಳು, ಹೊರಗೆ ಬರಲಿಲ್ಲ.

ಈಗ ನಾನು ಪಿಯುಸಿ ಹುಡುಗರಿಗೆ ಭೂಗೋಳ ಹೇಳಿಕೊಡುತ್ತೇನೆ. ಪ್ರತಿವರ್ಷ ಜನಸಂಖ್ಯೆಯ ಪಾಠ ಬರುತ್ತದೆ. ಒಂದು ಊರಿನ ಜನಸಂಖ್ಯೆ ಬದಲಾಗುವುದು ಹುಟ್ಟಿನಿಂದ, ಸಾವಿನಿಂದ, ವಲಸೆಯಿಂದ. ಬೇರೆ ದಾರಿಯಿಲ್ಲ ಅನ್ನುತ್ತೇನೆ. ಒಬ್ಬ ಹೆಂಗಸಿಗೆ ಸರಾಸರಿ ಎರಡು ಪಾಯಿಂಟ್ ಒಂದು ಮಕ್ಕಳಾದರೆ ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬುತ್ತದೆ ಅನ್ನುತ್ತೇನೆ. ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಾರೆ.

"ಅಪ್ಪ ಅಮ್ಮ ಇಬ್ರು, ಮಕ್ಳೂ ಇಬ್ರು. ಸರಿ ಹೋಯ್ತಲ್ಲ ಮೇಡಂ? ಆ ಪಾಯಿಂಟ್ ಒಂದು ಯಾಕೆ?"

"ಕೆಲವು ಮಕ್ಕಳು ದೊಡ್ಡವರಾಗೋ ಮೊದಲೇ ತೀರಿಕೊಳ್ತಾರೆ. ಅದಕ್ಕೆ."

ಹುಟ್ಟುವವರಲ್ಲಿ ಗಂಡು ತುಸು ಹೆಚ್ಚು ಅನ್ನುವ ಇನ್ನೊಂದು ಕಾರಣವೂ ಇದೆ, ಅದನ್ನು ಅವರಿಗೆ ಆಮೇಲೆ ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ನಾನು ಬೋರ್ಡು ಒರೆಸುತ್ತೇನೆ. ನನಗೆ ಏನೂ ಅನಿಸುವುದಿಲ್ಲ.

ರಕ್ತ ಪರೀಕ್ಷೆಗೆ ಬಂದಿದ್ದ ಸಿಸ್ಟರ್ ಗಂಡಸಿಯವರು. ಹೋಗುವಾಗ ಅವರನ್ನು ನಿಲ್ಲಿಸಿ, ಹಿಂದೆ ಹಗರೆಯಿಂದ ವರ್ಗವಾಗಿ ಬಂದಿದ್ದ ನರ್ಸಮ್ಮ ಗೊತ್ತಾ ಅಂತ ಕೇಳಿದೆ.

"ಗೊತ್ತು ಮೇಡಂ, ನಂಗೆ ಕೆಲ್ಸ ಕಲ್ಸಿದ್ದೇ ಅವ್ರು. ರಿಟೈರ್ ಆಗಿ ನಮ್ಮೂರಲ್ಲೇ ಇದ್ರು. ಹೋದ ವರ್ಷ ತೀರ್ಕೊಂಡ್ರಲ್ಲ."

ಅರಸೀಕೆರೆಯಿಂದ ಗಂಡಸಿ ದೂರವೇನಲ್ಲ. ಎಷ್ಟೋ ಸಲ ಆ ದಾರಿಯಲ್ಲೇ ಹೋಗಿದ್ದೇನೆ...

ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಸಂಜೆ ಅವಳಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಸುಲಿಯುತ್ತಲೇ ಇದ್ದಳು. ತಲೆಯೆತ್ತದೆ ಕೇಳಿದಳು.

"ನಮ್ಮ ವಿಷ್ಯ ಯಾರ್ ಹತ್ರನಾದ್ರೂ ಹೇಳಿದ್ಲಂತಾ?"

"ಇಲ್ಲಮ್ಮ. ಸಿಸ್ಟರಿಗೆ ಏನೂ ಗೊತ್ತಿಲ್ಲ."

"ಹೇಳಿರಾಕಿಲ್ಲ" ಅಂದಳು. "ನಿಜ ನಾನೇ ಹೇಳ್ಬೋದಿತ್ತು. ನಿಮ್ಮಜ್ಜಿ ಸತ್ಮೇಲಾದ್ರೂ ಹೇಳ್ಬೋದಿತ್ತು."

ಅವಳು ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು ಎದ್ದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಂತು. ತುಂಬ ಹೊತ್ತಾದರೂ ಆ ಸದ್ದು ನಿಲ್ಲಲಿಲ್ಲ. ನಾನು ಎದ್ದು ಹೋಗಿ ನೋಡಲೂ ಇಲ್ಲ.