ಪಾಸ್‌ಪೋರ್ಟ್ ಇಲ್ಲದ ಪಾಲುದಾರ

ಅವರ ಬಲಗೈ ಹೆಬ್ಬೆರಳು ನೇರಳೆ ಬಣ್ಣದ್ದು. ನಲವತ್ತು ವರ್ಷ ಊರವರ ಹೆಬ್ಬೆಟ್ಟುಗಳನ್ನು ಹಿಡಿದು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿ, ಆ ಬಣ್ಣ ಸೋಪಿಗೂ ಹುಣಸೆಹಣ್ಣಿಗೂ ಜಗ್ಗದ ಹಾಗೆ ಕೂತಿತ್ತು. ಹಿರಿಯೂರಿನ ತಾಲ್ಲೂಕು ಕಚೇರಿಯೆದುರು ಒಂದು ಮೇಜು, ಒಂದು ಛತ್ರಿ ಇಟ್ಟುಕೊಂಡು ಪತ್ರ ಬರೆಯುತ್ತಿದ್ದ ಅವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು.

ಅವರದೊಂದು ಕ್ರಮವಿತ್ತು. ಅಂಗಡಿಯ ಪಾಲುದಾರಿಕೆ ಪತ್ರ ಬರೆದರೆ ಮೊದಲ ಪಾಲುದಾರ ಮನೆದೇವರು. ರೂಪಾಯಿಗೆ ಒಂದಾಣೆ ಪಾಲು. ಮನುಷ್ಯರೆಲ್ಲ ಅಲ್ಲಿಂದ ಕೆಳಗೆ.

ದುಬೈನಲ್ಲಿದ್ದ ನನ್ನ ತಮ್ಮನ ಕೆಲಸ ಹೋಯಿತು. ತಿಂಗಳೊಳಗೆ ತನ್ನದೇ ಕಂಪನಿ ನೋಂದಾಯಿಸಿದರೆ ಅಲ್ಲೇ ಇರಬಹುದು, ಇಲ್ಲವಾದರೆ ವಾಪಸ್. ನಮ್ಮ ಗಾಣದ ಶೇಂಗಾ ಎಣ್ಣೆಯನ್ನು ಅಲ್ಲಿ ಮಾರುವುದೆಂದು ಅಣ್ಣತಮ್ಮಂದಿರು ಫೋನಿನಲ್ಲೇ ಸಾಮ್ರಾಜ್ಯ ಸ್ಥಾಪಿಸಿದೆವು. ಅರ್ಜಿಯ ಮೊದಲ ಪ್ರಶ್ನೆಗೇ ಸಾಮ್ರಾಜ್ಯ ಅಲುಗಾಡಿತು: ಒಬ್ಬರದೇ ಮಾಲೀಕತ್ವವೋ, ಸೀಮಿತ ಹೊಣೆಯ ಕಂಪನಿಯೋ?

ಕೇಳಲು ಹೋದಾಗ ಯಜಮಾನರು ಕನ್ನಡಕ ಒರೆಸಿಕೊಂಡರು. "ನೋಡಪ್ಪ, ಒಬ್ಬನ ಹೆಸರಲ್ಲಿ ಮಾಡಿದ್ರೆ ಅಂಗಡಿ ಮುಳುಗಿದ ದಿನ ಉಟ್ಟಿರೋ ಪಂಚೆನೂ ಕೇಳ್ತಾರೆ. ಕಂಪನಿ ಆದ್ರೆ ಹಾಕಿದ್ದಷ್ಟೇ ಹೋಗ್ತೈತೆ. ಪಂಚೆ ಉಳಿಯೋದೇ ಮಾಡ್ರಿ."

ದುಬೈನ ಸಲಹೆಗಾರ ಇದನ್ನೇ ಹನ್ನೆರಡು ಪುಟ ಬರೆದಿದ್ದ.

ಪಾಲುದಾರರ ಒಪ್ಪಂದವನ್ನೂ ಯಜಮಾನರೇ ತಮ್ಮ ಕ್ರಮದಂತೆ ಬರೆದರು. ನಾನು ರುಜು ಹಾಕಿ ಕಳಿಸಿದೆ. ಉತ್ತರ ಬಂತು: ಮೊದಲನೆಯ ಪಾಲುದಾರರ ಪಾಸ್‌ಪೋರ್ಟ್ ಪ್ರತಿ ಮತ್ತು ಇತ್ತೀಚಿನ ಭಾವಚಿತ್ರ ಕಳಿಸತಕ್ಕದ್ದು.

"ಭಾವಚಿತ್ರ ಐತೆ ಯಜಮಾನ್ರೆ, ಕ್ಯಾಲೆಂಡರಿಂದು" ಎಂದೆ. ಅವರು ನಗಲಿಲ್ಲ.

ದೇವರ ಹೆಸರು ತೆಗೆಯಬೇಕು, ಅಷ್ಟೇ. ಆದರೆ ಯಾರು? "ಕೊಟ್ಟ ಪಾಲು ಕಿತ್ಕಣಾದಾ? ನನ್ನ ಕಣ್ಣೆದುರಿಗೆ ಬ್ಯಾಡ" ಎಂದಳು ಅವ್ವ. ನಾನು ಪೆನ್ನು ಹಿಡಿದೆ, ಇಟ್ಟೆ. ಮತ್ತೆ ಹಿಡಿದೆ, ಇಟ್ಟೆ. ತಮ್ಮ ಫೋನು ಮಾಡಿ "ಅಣ್ಣ, ಇನ್ನು ಮೂರು ದಿನ ಐತೆ" ಎಂದ. ಮರುದಿನ "ಎರಡು" ಎಂದ. ಪದವೀಧರನಾದ ನಾನು ಒಂದು ಗೆರೆ ಎಳೆಯಲಾರದೆ ಕೂತಿದ್ದೆ.

ಕೊನೆಯ ದಿನ ಬೆಳಿಗ್ಗೆ ಯಜಮಾನರೇ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, "ತರ್ರಿ ಇಲ್ಲಿ" ಎಂದರು.

"ನೀವ್ಯಾಕೆ ಯಜಮಾನ್ರೆ..."

"ಬರೆದೋನು ನಾನು, ಹೊಡೆದು ಹಾಕೋನೂ ನಾನೇ. ಶಾಪಗೀಪ ಬಂದ್ರೆ ನನ್ನ ಇಳಾಸಕ್ಕೆ ಬರ್ಲಿ ಬಿಡಪ್ಪ."

ಸ್ಕೇಲು ಇಟ್ಟು ಒಂದೇ ಗೆರೆ. ಆಮೇಲೆ ಹೊಸ ಹಾಳೆಯಲ್ಲಿ ನಮ್ಮಿಬ್ಬರ ಹೆಸರಷ್ಟೇ ಬರೆದರು. ಅವ್ವ ಕೊಟ್ಟ ಕಾಫಿ ಮುಟ್ಟದೆ ಹೋದರು.

ಕಂಪನಿ ನೋಂದಣಿಯಾಯಿತು. ಯಜಮಾನರು ಮತ್ತೆ ಮೇಜಿಗೆ ಬರಲಿಲ್ಲ. ಕೇಳಲು ಹೋದರೆ "ಕೈ ಏಳಲ್ಲಪ್ಪ" ಎಂದರು. ದೀಪಾವಳಿಗೆ ಮುಂಚೆ ತೀರಿಕೊಂಡರು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮಣ್ಣು ಮುಗಿಸಿ ಬರುವಾಗ ತಮ್ಮನ ಫೋನು. "ಅಣ್ಣ, ಲೈಸೆನ್ಸಿಗೆ ಗಾಜು ಹಾಕ್ಸಿ ಗೋಡೆಗೆ ತಗಲಾಕಿದೀನಿ. ನಮ್ಮಿಬ್ರ ಹೆಸ್ರೂ ಎಷ್ಟು ಚಂದ ಕಾಣ್ತಾವೆ ಗೊತ್ತಾ?"

"ಕಾಣ್ಲಿ ಬಿಡಪ್ಪ" ಎಂದೆ.