ಓದುವುದೆಂಬ ಕ್ರಿಯಾಪದ

ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಲೆನ್ಸು ಉಜ್ಜುವ ಕೆಲಸಕ್ಕೆ ಅವಳು ಸೇರಿದ್ದು 2003ನೆಯ ಇಸವಿ ಫೆಬ್ರವರಿ 17ರಂದು, ಸೋಮವಾರ. ಯಾವ ವಸ್ತುವನ್ನಾದರೂ ಕಣ್ಣಿಗೆ ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ದೂರ ಹಿಡಿದು ನೋಡುವ ಅವಳ ಅಭ್ಯಾಸವನ್ನು ಕಂಡು ಅಂಗಡಿಯವರು ಮೂರನೆಯ ದಿನವೇ 'ದುರ್ಬೀನು' ಎಂದು ಹೆಸರಿಟ್ಟರು. ವಯಸ್ಸು ಮೂವತ್ತು ದಾಟಿದ ಮೇಲೆ ಅದಕ್ಕೊಂದು ಗೌರವದ ಬಾಲ ಸೇರಿ 'ದುರ್ಬೀನಕ್ಕ' ಎಂದಾಯಿತು.

ಆ ಕೋಣೆಯ ಉಜ್ಜುವ ಯಂತ್ರ ರಷ್ಯದಲ್ಲಿ ತಯಾರಾದದ್ದು. ಗುಂಡಿಗಳ ಮೇಲಿನ ಅಕ್ಷರಗಳು ರಷ್ಯನ್. ಜೊತೆಗೆ ಬಂದಿದ್ದ ಅರವತ್ತನಾಲ್ಕು ಪುಟಗಳ ಕೈಪಿಡಿಯೂ ರಷ್ಯನ್. 2009ರಲ್ಲಿ ಅದು ಕೆಟ್ಟು ನಿಂತಾಗ ಅಂಗಡಿಯ ಯಜಮಾನರು ಗುಜರಿಗೆ ಹಾಕಲು ಹೊರಟಿದ್ದರು. ಅವಳು ಒಂದು ನಿಘಂಟು ಕೊಂಡು, ಹನ್ನೊಂದು ತಿಂಗಳು ಕೈಪಿಡಿಯೊಡನೆ ಗುದ್ದಾಡಿ, ಯಂತ್ರವನ್ನು ಮತ್ತೆ ತಿರುಗಿಸಿದಳು. ಹೀಗೆ ಅವಳ ರಷ್ಯನ್ ಹುಟ್ಟಿದ್ದು ಕೈಪಿಡಿಯಲ್ಲಿ: ಒರೆಸಿರಿ, ಬಿಗಿಗೊಳಿಸಿರಿ, ಒದ್ದೆ ಕೈಯಿಂದ ಮುಟ್ಟದಿರಿ. ಮುಂದೆ ಹಳೆಯ ಪಠ್ಯಪುಸ್ತಕಗಳೂ ಸೇರಿಕೊಂಡವು. ಕೇಳಿದವರಿಗೆಲ್ಲ ಅವಳು "ನಂಗೆ ರಷ್ಯನ್ ಬರುತ್ತೆ" ಎನ್ನುತ್ತಿದ್ದಳು. ಪರೀಕ್ಷಿಸುವವರು ಯಾರೂ ಇಲ್ಲದಿದ್ದುದರಿಂದ ಅದು ನಿರಾತಂಕವಾಗಿ ಬರುತ್ತಲೇ ಇತ್ತು.

ಅವಳ ಮನಸ್ಸನ್ನು ಕೊರೆಯುತ್ತಿದ್ದ ವಿಷಯ ಬೇರೆಯೇ ಇತ್ತು. ಒಬ್ಬ ದರ್ಜಿ ಹೆಂಗಸು ಒಂದೇ ಕನ್ನಡಕವನ್ನು ಮೂರು ಬಾರಿ ಹಿಂದಿರುಗಿಸಿದ್ದಳು. ಹಾಕಿಕೊಂಡರೆ ಸೂಜಿಯ ಕಣ್ಣು ಓರೆಯಾಗಿ ಕಾಣುತ್ತದೆ ಎಂದು ದೂರು. ತಪ್ಪಿರುವುದು ಉಜ್ಜಿದ್ದರಲ್ಲಲ್ಲ, ಕಣ್ಣು ಪರೀಕ್ಷಿಸಿದವರು ಚೀಟಿಯಲ್ಲಿ ಬರೆದ ಕೋನದಲ್ಲಿ ಎಂದು ದುರ್ಬೀನಕ್ಕನಿಗೆ ಅನ್ನಿಸಿತ್ತು. ಹಾಗೆಂದು ಹೇಳಿದಾಗ ಯಜಮಾನರು ತಲೆಯನ್ನೂ ಎತ್ತಲಿಲ್ಲ.

"ಚೀಟಿಲಿ ಇದ್ದದ್ದನ್ನ ಉಜ್ಜಮ್ಮ. ಬರೆಯೋಕೆ ಓದಿದವ್ರು ಇದಾರೆ."

ಆ ಮಾತು ಕಣ್ಣಿಗೆ ಬಿದ್ದ ಗಾಜಿನ ಪುಡಿಯಂತೆ ಉಳಿದುಬಿಟ್ಟಿತು. ಕೈ ಕೆಸರಾದರೆ ಬಾಯಿ ಮೊಸರೆನ್ನುತ್ತಾರೆ. ಹದಿನಾರು ವರ್ಷ ಕೈಗೆ ಗಾಜಿನ ಕೆಸರು ಮೆತ್ತಿದ್ದರೂ, ಬೆಳಕು ಇಲ್ಲೇ ಏಕೆ ಬಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

2019ರಲ್ಲಿ ರಷ್ಯದ ಒಂದು ವಿಶ್ವವಿದ್ಯಾಲಯದ ಪ್ರಕಟಣೆ ಅವಳ ಕಣ್ಣಿಗೆ ಬಿತ್ತು. ಬೋಧನೆ ಸಂಪೂರ್ಣ ರಷ್ಯನ್ನಿನಲ್ಲಿ. ಹೊರದೇಶದವರಿಗೆ ಮೊದಲ ವರ್ಷ ಭಾಷೆಯ ಸಿದ್ಧತೆ, ಆಮೇಲೆ ದೃಗ್ವಿಜ್ಞಾನದ ಪದವಿ. ಅರ್ಜಿಗೆ ಕೊನೆಯ ದಿನ ಜುಲೈ 31, ಬುಧವಾರ. ಸೆಪ್ಟೆಂಬರ್ 1ಕ್ಕೆ ಮೂವತ್ತೈದು ತುಂಬಿರಬಾರದು ಎಂಬುದು ನಿಯಮ. ಅವಳು ಹುಟ್ಟಿದ್ದು 1984ರ ನವೆಂಬರ್ 4ರಂದು. ಅಂದರೆ ಆ ವರ್ಷವೇ ಮೊದಲು, ಆ ವರ್ಷವೇ ಕೊನೆ.

"ಮೂವತ್ನಾಲ್ಕಕ್ಕೆ ಚೀಲ ನೇತು ಹಾಕ್ಕೊಂಡು ಹೋಗ್ತೀಯಾ? ಮಕ್ಕಳು ನಗ್ತಾವೆ," ಎಂದರು ತಾಯಿ.

"ನಗಲಿ ಬಿಡಮ್ಮ," ಎಂದ ಬಸ್ಸು ಓಡಿಸುವ ಅಣ್ಣ. "ಕನ್ನಡಕ ಹಾಕ್ಕೊಂಡಿರೋ ಮಗು ಯಾವುದಾದ್ರೂ ನಕ್ರೆ ಇವಳೇ ನಂಬರ್ ಬದಲಾಯಿಸ್ತಾಳೆ."

ಶಾಲೆಯ ಪ್ರಮಾಣಪತ್ರಗಳನ್ನು ರಷ್ಯನ್ನಿಗೆ ತಿರುಗಿಸಿ ಮುದ್ರೆ ಒತ್ತಿಸಬೇಕಿತ್ತು. ಅದಕ್ಕೆ ಊರಿನಲ್ಲಿದ್ದವರು ಒಬ್ಬರೇ, ಅಂಚೆಕಚೇರಿಯ ಎದುರಿನ ಮಹಡಿಯ ಅನುವಾದಕರು. ಎಲ್ಲರ ಬಾಯಲ್ಲೂ ಮೊಹರು ಮೇಷ್ಟ್ರು. ಅವರು ಪ್ರಮಾಣಪತ್ರಗಳಿಗೆ ಮೊಹರು ಒತ್ತಿ, "ಯಾಕೆ ಸೇರಬೇಕು ಅಂತ ಒಂದು ಕಾಗದ ಬರೀಬೇಕಲ್ಲ, ಅದೆಲ್ಲಿ?" ಎಂದು ಕೈ ಚಾಚಿದರು.

"ಅದು ಬರೆದಾಯ್ತು ಮೇಷ್ಟ್ರೇ. ನಂಗೆ ರಷ್ಯನ್ ಬರುತ್ತೆ."

"ಬರುತ್ತೋ, ಬಂದು ಹೋಗುತ್ತೋ?"

ಅವಳಿಗೆ ಮೂಗಿನ ತುದಿಗೇ ಕೋಪ ಬಂತು. ಕಾಗದ ತೋರಿಸದೆ ಮೆಟ್ಟಿಲಿಳಿದಳು. ಜೂನ್ 3, ಸೋಮವಾರ, ಅರ್ಜಿ ಕಳಿಸಿದಳು.

ಉತ್ತರ ಬಂದದ್ದು ಜುಲೈ 19ರ ಶುಕ್ರವಾರ. ಅದರಲ್ಲಿ ಅವಳಿಗೆ ಗುರುತು ಹತ್ತಿದ ಪದಗಳು ಮೂರು: ಡಾಕ್ಟರೇಟ್, ಪ್ರಕಟಣೆಗಳು, ಅನುಭವ. ಡಾಕ್ಟರೇಟಿನ ಪ್ರತಿ ಇಲ್ಲದೆ ಅರ್ಜಿಯನ್ನು ಪರಿಗಣಿಸಲಾಗದು ಎಂಬುದಷ್ಟೇ ಸ್ಪಷ್ಟವಾಗಿತ್ತು.

"ಕಲಿಯೋಕೆ ಸೇರೋಕೇ ಡಾಕ್ಟರೇಟ್ ಬೇಕಂತಾ?" ಅಣ್ಣ ಹುಬ್ಬೇರಿಸಿದ. "ಈಜು ಬಂದ ಮೇಲೇ ನೀರಿಗಿಳಿ ಅಂದ ಹಾಗಾಯ್ತು!"

ಅವಳು ನಗಲಿಲ್ಲ. ಉಳಿದದ್ದು ಹನ್ನೆರಡು ದಿನ. ಮರುದಿನ ಶನಿವಾರ, ಅಭಿಮಾನವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು, ಮೊಹರು ಮೇಷ್ಟ್ರ ಮುಂದೆ ಎರಡು ಹಾಳೆಗಳನ್ನಿಟ್ಟಳು: ಬಂದ ಉತ್ತರ ಮತ್ತು ತಾನು ಬರೆದಿದ್ದ ಕಾಗದದ ಪ್ರತಿ.

ಮೇಷ್ಟ್ರು ಮೊದಲು ಉತ್ತರವನ್ನು ನೋಡಿದರು. "ಇದು ಬೋಧಕ ಸಿಬ್ಬಂದಿಯ ವಿಭಾಗದಿಂದ ಬಂದಿದೆಯಲ್ಲಮ್ಮ!" ಆಮೇಲೆ ಅವಳ ಕಾಗದದ ಎರಡನೆಯ ಸಾಲಿಗೆ ಬಂದರು. ಭುಜಗಳು ಕುಲುಕತೊಡಗಿದವು. ನಗು ನಿಲ್ಲಿಸಲು ಅವರು ನೀರು ಕುಡಿಯಬೇಕಾಯಿತು.

"ಇಲ್ಲಿ ಏನು ಬರೆದಿದೀರಿ, ನೀವೇ ಹೇಳಿ."

"ನಿಮ್ಮಲ್ಲಿ ದೃಗ್ವಿಜ್ಞಾನ ಓದಬೇಕೆಂದಿದ್ದೇನೆ ಅಂತ."

"ಓದೋದಕ್ಕೆ ಯಾವ ಪದ ಹಾಕಿದೀರಿ?"

"ಚಿತಾತ್. ನಿಘಂಟಲ್ಲಿ ಹಾಗೇ ಇದೆ."

"ನಿಘಂಟು ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ. ನಮಗೆ ಪತ್ರಿಕೆ ಓದೋದೂ ಓದೋದೇ, ಪದವಿ ಓದೋದೂ ಓದೋದೇ. ಅವರಿಗೆ ಹಾಗಲ್ಲ. ಪುಸ್ತಕ, ಪತ್ರಿಕೆ ಓದಿದ್ರೆ ಚಿತಾತ್. ವಿದ್ಯೆ ಓದಿದ್ರೆ ಉಚೀತ್ಸ. ವಿಶ್ವವಿದ್ಯಾಲಯದಲ್ಲಿ ಒಂದು ಶಾಸ್ತ್ರವನ್ನ 'ಚಿತಾತ್' ಮಾಡ್ತೀನಿ ಅಂದ್ರೆ, ಅದರ ಮೇಲೆ ಉಪನ್ಯಾಸ ಕೊಡ್ತೀನಿ ಅಂತ ಅರ್ಥ. ನೀವು ವಿದ್ಯಾರ್ಥಿ ಆಗ್ತೀನಿ ಅಂತ ಕೇಳಿಲ್ಲ ತಾಯಿ, ಮೇಡಂ ಆಗ್ತೀನಿ ಅಂತ ಕೇಳಿದೀರಿ!"

ದುರ್ಬೀನಕ್ಕನ ಕಿವಿಗಳು ಕೆಂಪಾದವು. ಹತ್ತು ವರ್ಷ ತನ್ನದೆಂದುಕೊಂಡಿದ್ದ ಭಾಷೆ ಕಣ್ಣೆದುರೇ ಅಪರಿಚಿತವಾಗಿ ನಿಂತಿತ್ತು. ಇನ್ನೆಷ್ಟು ಪದಗಳು ಹೀಗೆ ಬೆನ್ನ ಹಿಂದೆ ಬೇರೆ ಅರ್ಥ ಇಟ್ಟುಕೊಂಡು ಕೂತಿವೆಯೋ?

"ಬೇಜಾರು ಬೇಡ," ಎಂದರು ಮೇಷ್ಟ್ರು. "ಚಿತೆ ಬಿಟ್ಟು ಉಚಿತವಾದದ್ದನ್ನ ಹಿಡಿಯೋಣ. ನಾನೇ ಬರೆದುಕೊಡ್ತೀನಿ." ಅರ್ಧ ಗಂಟೆಯಲ್ಲಿ ಪುಟ ತುಂಬಿತು. ಅವರು ಓದಿ ಕೇಳಿಸಿದರು, ಹಳ್ಳ ಹರಿದಂತಿತ್ತು. ಅವಳು ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಅರ್ಧಕ್ಕರ್ಧ ತಿಳಿಯಲಿಲ್ಲ.

"ತುಂಬ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ನಾಳೆ ಅವರು ನನ್ನನ್ನ ಮಾತಾಡಿಸಿದ್ರೆ ಈ ಕಾಗದ ಬಂದು ಉತ್ತರ ಕೊಡುತ್ತಾ?"

ಮೇಷ್ಟ್ರು ಬರೆದ ಪುಟವನ್ನು ಮಡಿಸಿ ಮೇಜಿನ ಸೆಳೆಖಾನೆಗೆ ಹಾಕಿದರು. "ಸರಿ. ನೀವು ಬರೀರಿ. ನಾನು ತಪ್ಪಿಗೆ ಗೆರೆ ಹಾಕ್ತೀನಿ, ತಿದ್ದಲ್ಲ."

ಭಾನುವಾರವಿಡೀ ಅವಳು ಬರೆದಳು. ಒಂಬತ್ತೇ ಸಾಲು. ಹದಿನಾಲ್ಕು ಗೆರೆ ಬಿದ್ದವು. ಹದಿನಾಲ್ಕನ್ನೂ ತಾನೇ ಸರಿಪಡಿಸಿದಳು. ಹಿಂದಿನ ಕಾಗದದಲ್ಲಿ ಕ್ರಿಯಾಪದ ತಪ್ಪಿದೆ, ನಾನು ಅಧ್ಯಾಪಕಿಯಲ್ಲ, ಲೆನ್ಸು ಉಜ್ಜುವವಳು ಎಂಬುದೇ ಮೊದಲ ಸಾಲು. ಜುಲೈ 22ರಂದು ಅದನ್ನು ಪ್ರವೇಶ ವಿಭಾಗಕ್ಕೆ ಕಳಿಸಿದಳು.

ಆಗಸ್ಟ್ 2ರಂದು ಸಂದರ್ಶನ. ಹಿಂಬದಿಯ ಕೋಣೆಯಲ್ಲಿ ಯಂತ್ರ ನಿಲ್ಲಿಸಿ, ಡಬ್ಬಿಗಳಿಗೆ ಫೋನು ಒರಗಿಸಿ ಕುಳಿತಳು. ಪರದೆಯಲ್ಲಿ ನರೆಗೂದಲಿನ ಪ್ರಾಧ್ಯಾಪಕಿಯೊಬ್ಬರು ಕಾಣಿಸಿಕೊಂಡರು. ಉಜ್ಜುವಾಗ ಲೆನ್ಸಿನ ಅಂಚು ಬಿರಿದರೆ ಏನು ಮಾಡುತ್ತೀರೆಂದು ರಷ್ಯನ್ನಿನಲ್ಲಿ ಕೇಳಿದರು.

"ಯಂತ್ರ ನಿಲ್ಲಿಸಿರಿ," ಎಂದಳು ದುರ್ಬೀನಕ್ಕ. "ನೀರು ಪರೀಕ್ಷಿಸಿರಿ. ಒತ್ತಡ ಇಳಿಸಿರಿ."

"ನನಗೆ ಆಜ್ಞೆ ಮಾಡುತ್ತಿದ್ದೀರಾ?"

"ಕ್ಷಮಿಸಿರಿ!" ಎಂದಳು ಗಾಬರಿಯಿಂದ, ಅದೂ ಆಜ್ಞೆಯೇ ಆಯಿತು. ಪ್ರಾಧ್ಯಾಪಕಿ ನಕ್ಕುಬಿಟ್ಟರು. ಆಮೇಲೆ ಗಂಭೀರರಾಗಿ, ಇಷ್ಟು ಕೆಲಸ ಬಲ್ಲವರು ವಿದ್ಯಾರ್ಥಿಯಾಗಿ ಬರುವುದೇಕೆ ಎಂದರು.

ಅವಳು ಪದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಜೋಡಿಸಿದಳು. "ಎಲ್ಲಿ ನಿಲ್ಲಿಸಬೇಕೆಂದು ನನ್ನ ಕೈಗೆ ಗೊತ್ತು. ಏಕೆ ಎಂದು ನನಗೆ ಗೊತ್ತಿಲ್ಲ. ಏಕೆ ಎಂದು ಹೇಳಲು ಬಾರದವಳ ಮಾತನ್ನು ಯಾರೂ ಕೇಳುವುದಿಲ್ಲ."

ಆಗಸ್ಟ್ 12, ಸೋಮವಾರ ಮಧ್ಯಾಹ್ನ ಕಾಗದ ಬಂತು. ಮೂರು ಸಲ ಓದಿದಳು. ಮನೆಗೆ ಫೋನು ಮಾಡದೆ ನೇರವಾಗಿ ಅಂಚೆಕಚೇರಿಯ ಎದುರಿನ ಮಹಡಿ ಹತ್ತಿದಳು.

ಮೇಷ್ಟ್ರು ಓದಿ ತಲೆಯೆತ್ತಿದರು. "ನಿಮಗೇ ಅರ್ಥ ಆಗಿದೆಯಲ್ಲ?"

"ಆಗಿದೆ. ಆದ್ರೂ ನೀವೊಂದ್ಸಲ ಹೇಳಿ."

"ಸೇರಿಸಿಕೊಂಡಿದಾರೆ. ಸೆಪ್ಟೆಂಬರ್ 20ರೊಳಗೆ ಹಾಜರಾಗಬೇಕು."

"ಒಳಗೆ ಅಂದ್ರೆ? ಇಪ್ಪತ್ತೂ ಸೇರಿಯಾ, ಇಲ್ಲಾ ಹತ್ತೊಂಬತ್ತಕ್ಕೇ ಮುಗೀತಾ?"

ಮೇಷ್ಟ್ರು ಆ ಸಾಲನ್ನು ಮತ್ತೆ ನೋಡಿದರು. "ಇದರ ಮೇಲೆ ಅವರವರೇ ಜಗಳ ಆಡ್ತಾರಮ್ಮ. ನನ್ನನ್ನ ಕೇಳಬೇಡಿ, ಅವರನ್ನೇ ಕೇಳಿ ಬರೀರಿ."

"ಕೇಳ್ತೀನಿ. ಅಲ್ಲೀವರೆಗೆ ಹತ್ತೊಂಬತ್ತು ಅಂತಲೇ ಇಟ್ಕೋತೀನಿ."

ಸಂಜೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಸೆಪ್ಟೆಂಬರ್ 19ಕ್ಕೆ ಸುತ್ತು ಹಾಕುವಾಗ ತಾಯಿ ಬಂದು ಪಕ್ಕದಲ್ಲಿ ನಿಂತರು. ಸುತ್ತು ಹಾಕಿದ ಅಂಕಿಯನ್ನು ಬಹಳ ಹೊತ್ತು ನೋಡಿದರು.

"ದಾರೀಲಿ ಎರಡು ದಿನ ಹಿಡೀಬಹುದು," ಎಂದರು ಕಡೆಗೆ. "ಹದಿನೇಳಕ್ಕೇ ಹೊರಡಬೇಕಾಗುತ್ತೆ. ಆ ದೇಶದಲ್ಲಿ ಚಳಿ ಯಾವಾಗ ಶುರುವಾಗುತ್ತೆ, ಕೇಳಿದೀಯಾ?"