ಸಲ್ಲೇಖನದ ಪಾಠಾಂತರ

ಮೊನ್ನೆ ನನ್ನ ಮಂಡಿನೋವಿಗೆಂದು ಮಗಳು ಮಜ್ಜಿಗೆಹುಲ್ಲಿನ ಎಣ್ಣೆಯ ಸೀಸೆ ತಂದಳು. ಮುಚ್ಚಳ ತೆಗೆದಳೋ ಇಲ್ಲವೋ, ದೊಡ್ಡಬಳ್ಳಾಪುರದ ಆ ನಡುಮನೆ ನೆನಪಾಗಿಬಿಟ್ಟಿತು. ಹುಳು ಹಿಡಿಯದಿರಲೆಂದು ಮೇಷ್ಟ್ರು ತಾಳೆಗರಿಗಳಿಗೆ ಸವರುತ್ತಿದ್ದದ್ದು ಇದೇ ಎಣ್ಣೆ...

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಹೈಸ್ಕೂಲಿಗೆ ಹೊಸದಾಗಿ ಬಂದ ಟೀಚರು. ಅವರು ಅಲ್ಲಿನ ಹಿರಿಯ ಕನ್ನಡ ಮೇಷ್ಟ್ರು, ನಮ್ಮ ಪಕ್ಕದ ಮನೆಯವರು. ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವರು, ಅವರ ತಾಯಿ, ಇಬ್ಬರೇ. ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿದಿರುತ್ತಿತ್ತು. ಆಮೇಲೆ ಬೀದಿಯ ಮಗ್ಗಗಳ ಸದ್ದಿನ ನಡುವೆ ಅವರು ಗರಿ ಓದುವರು, ನಾನು ಬರೆದುಕೊಳ್ಳುವೆ. ಕೊನೆಗಾಲದಲ್ಲಿ ಅನ್ನನೀರನ್ನು ಮೆಲ್ಲಗೆ ತೊರೆದು ದೇಹ ಬಿಡುವ ಸಲ್ಲೇಖನ ವ್ರತದ ಬಗೆಗಿನ ಹಳೆಯ ಗ್ರಂಥವದು. ಒಂದು ಪ್ರತಿಯಲ್ಲಿದ್ದ ಪದ ಇನ್ನೊಂದರಲ್ಲಿ ಇರುತ್ತಿರಲಿಲ್ಲ, ಇದಕ್ಕೇ ಪಾಠಾಂತರ ಎನ್ನುವುದು. ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಎಂದು ಖಚಿತವಾಗದೆ ಮೇಷ್ಟ್ರು ಒಂದಕ್ಷರ ಮುಂದೆ ಹೋಗುತ್ತಿರಲಿಲ್ಲ.

ಹೀಗಿರುವಾಗ ತಾಯಿಯ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ತಿಳಿಯಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದರೆ ಒಂದಷ್ಟು ತಿಂಗಳು ಬದುಕಬಹುದು, ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಒಂದು ಬೆಳಿಗ್ಗೆ ಆಕೆ ಮಗನನ್ನು ಎದುರಿಗೆ ಕೂರಿಸಿಕೊಂಡರು. ನಾನೂ ಅಲ್ಲೇ ಇದ್ದೆ.

“ನಂಗೆ ಆಸ್ಪತ್ರೆ ಬೇಡ ಕಣಪ್ಪ. ವ್ರತ ತಗೊಳ್ತೀನಿ. ನನ್ನಿಂದೇನಾದ್ರೂ ನಿಂಗೆ ನೋವಾಗಿದ್ರೆ ಮನಸ್ಸಲ್ಲಿಟ್ಕೋಬೇಡ. ಏನಂತೀಯ?”

ಮೇಷ್ಟ್ರು ಗರಿಗಳ ಕಟ್ಟಿಗೆ ಕೈಹಾಕಿದರು. “ವಾಸಿಯಾಗದ ಕಾಯಿಲೆ ಆಗಿರ್ಬೇಕು ಅಂತ ಶಾಸ್ತ್ರ ಇದೆಯಮ್ಮ. ನಿಂದು ವಾಸಿಯಾಗಲ್ಲ ಅಂತ ಯಾರು ಹೇಳಿದ್ರು? ತಡಿ, ವ್ಯಾಖ್ಯಾನ ಒಂದ್ಸಲ ನೋಡ್ತೀನಿ.”

“ನಾನು ಕೇಳಿದ್ದು ನಿನ್ನ ಕಣೋ, ಪುಸ್ತಕಾನಲ್ಲ,” ಎಂದು ಆಕೆ ಕಣ್ಣು ಮುಚ್ಚಿಕೊಂಡರು.

ಮಾರನೆಯ ದಿನದಿಂದ ಮೇಷ್ಟ್ರು ರಜೆ ಹಾಕಿ, ಗ್ರಂಥಾಲಯಗಳಿಗೆಂದು ಬೆಂಗಳೂರಿನ ಬಸ್ಸು ಹತ್ತತೊಡಗಿದರು. ಪ್ರಾಕೃತ ಮೂಲ, ಸಂಸ್ಕೃತ ವ್ಯಾಖ್ಯಾನ, ಇಂಗ್ಲಿಷ್ ಅನುವಾದ... ಒಂದು ಹೌದೆಂದರೆ ಇನ್ನೊಂದು ಅನುಮಾನ ಹುಟ್ಟಿಸುತ್ತಿತ್ತು. ನಾನು ಗಂಜಿ ಕೊಡಲು ಹೋದಾಗಲೆಲ್ಲ ತಾಯಿ ಬಾಗಿಲ ಕಡೆ ನೋಡಿ, “ಇನ್ನೂ ಬರ್ಲಿಲ್ವೇನಮ್ಮ ಅವ್ನು?” ಎನ್ನುತ್ತಿದ್ದರು. ನೋವು ಮಿತಿಮೀರಿ ಒಂದು ಮಧ್ಯಾಹ್ನ ಎಚ್ಚರ ತಪ್ಪಿದರು. ಮೇಷ್ಟ್ರು ಗಾಬರಿಯಲ್ಲಿ ಬೆಂಗಳೂರಿಗೆ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದರು. ಮೂಗಿಗೆ ಕೊಳವೆ, ಕೈಗೆ ಸೂಜಿ, ಆಕೆ ಬೇಡವೆಂದದ್ದೆಲ್ಲ ಆಯಿತು. ಆಕೆಗೆ ಎಚ್ಚರ ಮರಳಲೇ ಇಲ್ಲ.

ಎಲ್ಲ ಮುಗಿದ ಮೇಲೂ ಮೇಷ್ಟ್ರು ಹುಡುಕುವುದನ್ನು ಬಿಡಲಿಲ್ಲ. ಅದೇ ಬಸ್ಸು, ಅದೇ ಪುಸ್ತಕಗಳು. ಇನ್ನು ಯಾರಿಗಾಗಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಒಂದು ಸಂಜೆ ಅವರೇ ಕರೆದರು.

“ಈ ಜಾಗದಲ್ಲಿ ಮಾತ್ರ ಎಲ್ಲಾ ಪ್ರತೀಲೂ ಒಂದೇ ಪಾಠ ಇದೆ ಕಣಮ್ಮ. ವ್ರತಕ್ಕೆ ಮೊದ್ಲು ಮನೆಯೋರ ಹತ್ರ ಕ್ಷಮೆ ಕೇಳ್ಬೇಕು, ಅವರನ್ನ ಕ್ಷಮಿಸ್ಬೇಕು. ಆವತ್ತು ನಮ್ಮಮ್ಮ ಅದನ್ನೇ ಮಾಡ್ತಿದ್ಲು. ನಾನು ಏನೋ ಸಂದೇಹ ಕೇಳ್ತಿದಾಳೆ ಅನ್ಕೊಂಡ್ಬಿಟ್ಟೆ...”

ಆಮೇಲೆ ಅವರು ಗರಿಗಳನ್ನು ಕಟ್ಟಿ, ಓದಲು ಕೊಟ್ಟಿದ್ದವರಿಗೇ ಹಿಂದಿರುಗಿಸಿದರು. ವರ್ಗ ಕೇಳಿಕೊಂಡು ಹೊಸಕೋಟೆಗೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ಗ್ರಂಥದ ಮಾತೆತ್ತಿದರೆ, “ಕಾಫಿ ಕುಡೀತೀಯೇನಮ್ಮ?” ಎಂದು ಎದ್ದು ಒಳಗೆ ಹೋದರು.

ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಅಷ್ಟು ವರ್ಷ ತಿದ್ದಿದ ಗ್ರಂಥ ಅಚ್ಚಾಗಲೇ ಇಲ್ಲ. ಅವರ ತಾಯಿಯ ಅಂದಿನ ವಯಸ್ಸನ್ನು ನಾನೀಗ ದಾಟಿದ್ದೇನೆ. ಓದುವಾಗ ಹಳಗನ್ನಡದ ಪದವೊಂದು ಅಡ್ಡ ಬಂದರೆ, ಪಕ್ಕದ ಮನೆಗೆ ಹೋಗಿ ಕೇಳಿಬರೋಣ ಎಂದು ಈಗಲೂ ಎದ್ದುಬಿಡುತ್ತೇನೆ. ಈ ಊರಿನ ಪಕ್ಕದ ಮನೆಯಲ್ಲಿ ಬೇರೆ ಯಾರೋ ಇದ್ದಾರೆ.